ಬೆಕ್ಕಿನ ಮೀಸೆ ಮತ್ತು ನನ್ನ ಕತ್ತರಿ

ನಮ್ಮ ಬೆಕ್ಕಿಗೆ ಎಡಗಡೆ ಹನ್ನೆರಡು ಮೀಸೆ, ಬಲಗಡೆ ಹನ್ನೊಂದು ಎಂದು ಎಣಿಸಿ ಹೇಳಿದವಳು ನನ್ನ ಮಗಳು. ಆಗ ಅವಳಿಗೆ ಒಂಬತ್ತು ವರ್ಷ. ಬಲಗಡೆಯ ಹನ್ನೆರಡನೆಯದು ಉದುರಿ ಬಿದ್ದಿದೆ, ಅದು ಮತ್ತೆ ಹುಟ್ಟುತ್ತದೆ ಎಂದೂ ಅವಳೇ ಹೇಳಿದಳು. ನಾನು ಕೊಟ್ಟೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮೆಷಿನ್ ಇಟ್ಟುಕೊಂಡು ಜಂಪರು ಹೊಲಿಯುವವಳು. ದೀಪಾವಳಿ ಹತ್ತಿರ ಬಂದಿತ್ತು, ಊರ ಹೆಂಗಸರ ಅಳತೆಯೆಲ್ಲ ತಲೆಯಲ್ಲಿ ತುಂಬಿಕೊಂಡಿತ್ತು. "ನಿನ್ನ ಬೆಕ್ಕಿನ ಮೀಸಿ ಎಣಿಸಾಕ ನನಗ ಪುರುಸೊತ್ತಿಲ್ಲವ್ವ, ಹೋಗಿ ಓದಿಕೊ" ಎಂದು ಗದರಿ ಪೆಡಲು ತುಳಿದೆ.

ಬೆಕ್ಕು ಬಂದಿದ್ದು ಇಲಿಯಿಂದಾಗಿ. ಯಾರದೋ ಮದುವೆಯ ರೇಷ್ಮೆ ಜಂಪರಿನ ತೋಳನ್ನು ಇಲಿ ಕಡಿದು, ನಾನು ನಾಲ್ಕು ದಿನ ಮುಖ ಮುಚ್ಚಿಕೊಂಡು ತಿರುಗಿದ ಮೇಲೆ, ಕೂಡ್ಲಿಗಿಯ ಕಚೇರಿಯಲ್ಲಿ ಜವಾನರಾಗಿದ್ದ ನನ್ನ ಗಂಡ ಅಲ್ಲಿನ ದಾಖಲೆ ಕೋಣೆಯಲ್ಲಿ ಹುಟ್ಟಿದ ಒಂದು ಮರಿಯನ್ನು ಊಟದ ಚೀಲದಲ್ಲಿ ಹಾಕಿಕೊಂಡು ಬಂದರು. ಮೈಯೆಲ್ಲ ಕಪ್ಪು, ಮೀಸೆ ಮಾತ್ರ ಬೆಳ್ಳಗೆ. ಮಗಳು ಅದನ್ನು ಪೊಲೀಸಪ್ಪ ಎಂದು ಕರೆದಳು. ವರ್ಷ ತುಂಬುವುದರೊಳಗೆ ಪೊಲೀಸಪ್ಪ ಮೂರು ಮರಿ ಹಾಕಿತು. "ಹೆಣ್ಣಿಗೂ ಮೀಸಿ ಕೊಟ್ಟಾನ ನೋಡು ದೇವರು" ಎಂದು ನನ್ನ ಅತ್ತೆ ನಕ್ಕಿದ್ದೇ ನಕ್ಕಿದ್ದು.

ಗದರಿದರೂ ಮಗಳು ಬಿಡುತ್ತಿರಲಿಲ್ಲ. ಮೆಷಿನ್ನಿನ ಪಕ್ಕದಲ್ಲಿ, ಕತ್ತರಿಸಿದ ಬಟ್ಟೆಯ ಚೂರುಗಳ ಮೇಲೆ ಕುಳಿತು ಒಂದೊಂದೇ ಹೇಳುತ್ತಿದ್ದಳು. ಹಲ್ಲಿ ಕಂಡರೆ ಮೀಸೆ ಮುಂದಕ್ಕೆ ಬರುತ್ತದೆ. ಹೆದರಿದರೆ ಕೆನ್ನೆಗೆ ಅಂಟಿಕೊಳ್ಳುತ್ತದೆ. ಕಣ್ಣಿನ ಮೇಲೂ ಮೀಸೆ, ಮುಂಗಾಲಿನ ಹಿಂದೆಯೂ ಮೀಸೆ. ಆಳದ ಬಟ್ಟಲಲ್ಲಿ ಹಾಲಿಟ್ಟರೆ ಅಂಚಿಗೆ ಮೀಸೆ ತಾಗುವುದು ಅದಕ್ಕೆ ಸೇರುವುದಿಲ್ಲ, ಕಾಲು ಅದ್ದಿ ನೆಕ್ಕುತ್ತದೆ, ಆದ್ದರಿಂದ ತಟ್ಟೆಯಲ್ಲೇ ಇಡಬೇಕು. ಬಚ್ಚಲಿನ ತಗಡಿಗೂ ಗೋಡೆಗೂ ನಡುವೆ ಒಂದು ಸಂದಿ ಇತ್ತು. ಬೆಕ್ಕು ಅಲ್ಲಿಗೆ ಮೊದಲು ಮುಖ ಒಡ್ಡಿ, ಒಂದು ಗಳಿಗೆ ನಿಂತು, ಆಮೇಲೆ ನುಸುಳುತ್ತಿತ್ತು. "ನಿನ್ನ ಟೇಪ್ ಇದ್ದಂಗವ್ವ ಅದಕ್ಕ ಮೀಸಿ. ಅಳತಿ ನೋಡಿ ಹೋಗತೈತಿ" ಎಂದಳು. ಆ ಮಾತು ಮಾತ್ರ ನನಗೆ ಹಿಡಿಸಿತ್ತು. ಕೊರಳಲ್ಲಿ ಟೇಪು ಹಾಕಿಕೊಂಡೇ ಅಡುಗೆ ಮಾಡುವವಳು ನಾನು.

ಅದೇ ಚಳಿಗಾಲದಲ್ಲಿ ಮಗಳಿಗೆ ದಮ್ಮು ಶುರುವಾಯಿತು. ಮೊದಲು ನೆಗಡಿ, ಆಮೇಲೆ ಕೆಮ್ಮು, ಆಮೇಲೆ ಎದೆಯೊಳಗೆ ಸಿಳ್ಳು. ಮೆಟ್ಟಿಲು ಹತ್ತಿದರೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಅಂಗಡಿಯ ಸಿರಪ್ಪು ಕುಡಿಸಿದೆವು, ಮೆಣಸಿನ ಕಷಾಯ ಕುಡಿಸಿದೆವು. ಅತ್ತೆ ಮಾತ್ರ ಹಾಲಿನ ತಟ್ಟೆಯಲ್ಲಿ ತೇಲುತ್ತಿದ್ದ ಒಂದು ಬಿಳಿ ಮೀಸೆಯನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮುಖದ ಮುಂದೆ ತಂದರು.

"ಇದು ನೋಡು. ಬೆಕ್ಕಿನ ಮೀಸಿ ಹೊಟ್ಟಿಗಿ ಹೋದ್ರ ದಮ್ಮು ಬರ್ತೈತಿ. ನಮ್ಮ ದೊಡ್ಡಪ್ಪನ ಮಗಳು ಹಿಂಗ ಆಗೇ ಹೋದ್ಲು."

ನಮ್ಮ ಕಡೆ ಈ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ನನ್ನ ಅವ್ವನೂ ಇದನ್ನೇ ಹೇಳುತ್ತಿದ್ದಳು. ಬೆಕ್ಕನ್ನು ಬಿಟ್ಟು ಬರೋಣವೆಂದರೆ ಮಗಳು ಎರಡು ದಿನ ಊಟ ಬಿಟ್ಟಳು. ಆಗ ನನಗೆ ಬುದ್ಧಿ ಓಡಿತು. ಮೀಸೆಯಿಂದ ತೊಂದರೆಯಾದರೆ ಮೀಸೆ ಕತ್ತರಿಸಿದರಾಯಿತು, ಬೆಕ್ಕೂ ಇರುತ್ತದೆ, ಮಗಳೂ ಉಳಿಯುತ್ತಾಳೆ. ಕತ್ತರಿಯವಳಿಗೆ ಹೊಳೆಯುವುದೆಲ್ಲ ಕತ್ತರಿಯ ಉಪಾಯವೇ. ಎಂಥ ಜಾಣೆ ನಾನು ಎಂದು ಅಂದು ಹಿಗ್ಗಿದ್ದು ನೆನಪಿದೆ.

ಅತ್ತೆ ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಎಂದು ದಿನ ಗೊತ್ತುಮಾಡಿದರು. ಮೊದಲ ಸಲ ಬೆಕ್ಕು ನನ್ನ ಕೈಗೆ ಸಿಗಲಿಲ್ಲ. "ನೀ ಹಿಡಕೊ, ನಿನ್ನ ಮಾತು ಕೇಳ್ತೈತಿ ಅದು" ಎಂದು ಮಗಳಿಗೇ ಹೇಳಿದೆ. ಅವಳು ಹಳೆಯ ಸೀರೆಯ ತುಂಡಿನಲ್ಲಿ ಅದನ್ನು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಅವಳ ಕೈ ಎಂದು ಅದು ಸುಮ್ಮನೆ ಇತ್ತು. ದಾರ ಕತ್ತರಿಸುವ ಸಣ್ಣ ಕತ್ತರಿಯಿಂದ ಎಡಗಡೆ ಹನ್ನೆರಡು, ಬಲಗಡೆ ಅಷ್ಟೇ, ಬುಡದ ತನಕ ಕತ್ತರಿಸಿದೆ. ಬೆಕ್ಕು ಕೂಗಲಿಲ್ಲ, ಕಣ್ಣು ಮಾತ್ರ ಅಗಲ ಮಾಡಿತ್ತು.

"ಯಾಕ ಕತ್ತರಿಸ್ತಿ ಅವ್ವ?"

"ನಿನ್ನ ದಮ್ಮಿಗೆ."

ಎರಡನೆಯ ಸಲ ಅವಳು ಹಿಡಿಯಲು ಬರಲಿಲ್ಲ. ಅತ್ತೆ ಹಿಡಿದರು.

ಬೆಕ್ಕಿನ ನಡೆ ಬದಲಾಯಿತು. ಸಂದಿಯ ಮುಂದೆ ಹೋಗಿ ಮುಖ ಒಡ್ಡುತ್ತಿತ್ತು, ನಿಲ್ಲುತ್ತಿತ್ತು, ಹಿಂದಕ್ಕೆ ಬರುತ್ತಿತ್ತು. ಒಮ್ಮೆ ಗೊತ್ತಾಗದೆ ನುಗ್ಗಿ ಸಿಕ್ಕಿಕೊಂಡು ಕೂಗಾಡಿತು, ನಾನೇ ತಗಡು ಎತ್ತಿ ಬಿಡಿಸಿದೆ. ಕಪಾಟಿನಿಂದ ಕಿಟಕಿಗೆ ಹಾರಲು ಹೋಗಿ ಬಿತ್ತು. ಇಲಿ ಬಾಯಿಂದ ಜಾರಿ ಓಡಿಹೋಗುತ್ತಿತ್ತು. ಮಗಳು ಇದನ್ನೆಲ್ಲ ನೋಡುತ್ತಿದ್ದಳು, ನನಗೆ ಹೇಳುವುದನ್ನು ಮಾತ್ರ ನಿಲ್ಲಿಸಿದ್ದಳು. ನಡುವೆ ಅವಳು ಒಮ್ಮೆ ಕೆಮ್ಮಿದರೆ ಸಾಕು, "ಮೀಸಿ ಬೆಳದಾವ ನೋಡು" ಎನ್ನುತ್ತಿದ್ದರು ಅತ್ತೆ. ನಾನು ಹುಣ್ಣಿಮೆಗೂ ಕಾಯದೆ ಕತ್ತರಿ ತೆಗೆಯುತ್ತಿದ್ದೆ.

ಆಮೇಲೆ ಕೆಮ್ಮು ನಿಂತಿತು. ಒಂದು ತಿಂಗಳು, ಎರಡು ತಿಂಗಳು, ದಮ್ಮಿನ ಸುದ್ದಿಯೇ ಇಲ್ಲ. ಹೆಂಗೈತಿ ಎಂದು ಕೇಳಿದರೆ "ಆರಾಮ ಅದೀನವ್ವ" ಎನ್ನುತ್ತಿದ್ದಳು. ನಮ್ಮ ಕಡೆ ಆರಾಮ ಅಂದರೆ ಎಲ್ಲ ಬಂತು, ಅದರ ಮುಂದೆ ಯಾರೂ ಮತ್ತೊಂದು ಪ್ರಶ್ನೆ ಕೇಳುವುದಿಲ್ಲ. ನಾನು ಅಳತೆ ಕೊಡಲು ಬಂದ ಹೆಂಗಸರಿಗೆಲ್ಲ ಕತ್ತರಿ ತೋರಿಸಿ ಹೇಳಿಕೊಂಡೆ. ಹಗರಿಬೊಮ್ಮನಹಳ್ಳಿಯಿಂದ ಬಂದವಳೊಬ್ಬಳು ತನ್ನ ಮಗುವಿಗೂ ದಮ್ಮಿದೆ, ಮನೆಯ ಬೆಕ್ಕಿಗೂ ಹೀಗೇ ಮಾಡುತ್ತೇನೆಂದು ಹೋದಳು. ಆ ಮನೆಯ ಮಗುವಿಗೆ ಏನಾಯಿತೋ ನಾನು ಕೇಳಲಿಲ್ಲ. ಮುಂದೆ ಕೇಳಲು ಧೈರ್ಯವೂ ಬರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದರೆ ಮಗಳು ಓಗೊಡಲಿಲ್ಲ. ಓಣಿಯೆಲ್ಲ ಹುಡುಕಿ ಬಂದೆ. ಒಳಗೆ ಬಟ್ಟೆಯ ಟ್ರಂಕಿನ ಹಿಂದೆ ಗೋಡೆಗೆ ಒತ್ತಿಕೊಂಡು ಕುಳಿತಿದ್ದಳು. ಮೊಣಕಾಲ ಮೇಲೆ ಎರಡೂ ಕೈ ಊರಿ, ಭುಜ ಮೇಲೆ ಎಳೆದು, ನನ್ನದೇ ಲೈನಿಂಗ್ ಬಟ್ಟೆಯ ಗಂಟಿನಲ್ಲಿ ಬಾಯಿ ಅಡಗಿಸಿದ್ದಳು. ಸಿಳ್ಳು ಹೊರಗೆ ಕೇಳಬಾರದೆಂದು. ಗಂಟು ಕಿತ್ತುಕೊಂಡಾಗ ಆ ಸದ್ದು ಕೇಳಿದೆ. ಉಗುರು ನೀಲಿಯಾಗಿತ್ತು. ಪಕ್ಕದಲ್ಲಿ ಬೆಕ್ಕು ಕುಳಿತಿತ್ತು.

ಆಟೊದಲ್ಲಿ ಊರಿನ ಆಸ್ಪತ್ರೆಗೆ ಓಡಿದೆವು. ಅಲ್ಲಿ ಮೂಗಿಗೆ ಹೊಗೆಯಂಥ ಔಷಧಿ ಹಿಡಿದು, ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಕಳಿಸಿದರು. ದಾರಿಯುದ್ದಕ್ಕೂ ಅವಳ ಎದೆ ಏಳುವುದನ್ನೇ ನೋಡುತ್ತಿದ್ದೆ. ಒಮ್ಮೆ ಎದ್ದ ಎದೆ ಇಳಿದು ಮತ್ತೆ ಏಳುವ ತನಕ ನನ್ನ ಉಸಿರೂ ನಿಲ್ಲುತ್ತಿತ್ತು. ಮೈಲಾರಲಿಂಗನಿಗೆ, ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಮೂರನೆಯ ದಿನ ಅವಳಿಗೆ ಮಾತಾಡಲು ಬಂತು.

"ಯಾಕವ್ವ ನನಗ ಹೇಳಲಿಲ್ಲ?" ಎಂದು ಕೇಳಿದೆ.

ಅವಳು ಕೊಳವೆ ಚುಚ್ಚಿದ ಕೈಯನ್ನೇ ನೋಡುತ್ತ ಹೇಳಿದಳು. "ಹೇಳಿದ್ರ ಮತ್ತ ಮೀಸಿ ಕತ್ತರಿಸ್ತಿದ್ದಿ."

ಆ ಎರಡು ತಿಂಗಳೂ ಅವಳಿಗೆ ದಮ್ಮು ಇತ್ತು. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಕೆಮ್ಮುತ್ತಿದ್ದಳಂತೆ. ನಾನು ಮೆಷಿನ್ ತುಳಿಯುವುದನ್ನು ಕಾಯ್ದು, ಆ ಸದ್ದಿನಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದಳಂತೆ. ಅತ್ತೆಯ ಮೇಲೆ ಹಾಕಿ ನಾನು ಪಾರಾಗಬಹುದು. ಆದರೆ ಕತ್ತರಿ ಹಿಡಿದವಳು ನಾನು, ಆರಾಮ ಎಂಬ ಮಾತನ್ನು ನಂಬಿ ತಿರುಗಿ ನೋಡದವಳೂ ನಾನೇ.

ಮೀಸೆಯ ಕಥೆ ಕೇಳಿ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೊಟ್ಟೆಗೆ ಹೋದ ಮೀಸಿ ಹೊರಗ ಹೋಗತೈತಿ ರೀ, ಅದಕ್ಕೂ ದಮ್ಮಿಗೂ ಸಂಬಂಧ ಇಲ್ಲ. ಬೆಕ್ಕಿನ ಮೈಯಿಂದ ಉದುರೋ ಹೊಟ್ಟಿನಿಂದ ಇರಬಹುದು, ಧೂಳಿನಿಂದ ಇರಬಹುದು. ಮನ್ಯಾಗ ಏನು ಕೆಲಸ ಮಾಡ್ತೀರಿ?"

"ಬಟ್ಟಿ ಹೊಲೀತೀನ್ರಿ."

"ಮಗು ಎಲ್ಲಿ ಮಲಗತೈತಿ?"

ಮೆಷಿನ್ನಿನ ಪಕ್ಕದಲ್ಲಿ. ಚೂರುಬಟ್ಟೆ ತುಂಬಿದ ಗಾದಿಯ ಮೇಲೆ. ಆ ಗಾದಿಯನ್ನು ನಾನೇ ಹೊಲಿದಿದ್ದೆ. ಬಟ್ಟೆಯನ್ನು ಬೇರೆ ಕೋಣೆಗೆ ಸಾಗಿಸಿ, ಗಾದಿ ತೆಗೆಯಿರಿ, ಬೆಕ್ಕನ್ನು ಸ್ವಲ್ಪ ದಿನ ದೂರ ಇಡಿ, ಔಷಧಿಯ ಈ ಪಂಪನ್ನು ಬಾಯಿಗಿಟ್ಟು ದಿನಾ ಎರಡು ಸಲ ಎಳೆಸಿ ಎಂದರು.

ಗಾದಿ ತೆಗೆದೆ. ಅಡುಗೆಯ ಒಳಮನೆ ಬಿಟ್ಟರೆ ನಮ್ಮಲ್ಲಿ ಬೇರೆ ಕೋಣೆ ಇರಲಿಲ್ಲ, ಮೆಷಿನ್ ನಿಲ್ಲಿಸಿದರೆ ಒಲೆ ಹೊತ್ತುವಂತಿರಲಿಲ್ಲ. ಬೆಕ್ಕನ್ನು ಕಳಿಸುವುದು ಸುಲಭವಿತ್ತು. ಮಗಳು ಇನ್ನೂ ದಾವಣಗೆರೆಯಲ್ಲಿ ಅಪ್ಪನ ಜೊತೆ ಇದ್ದಾಗ ನಾನೊಬ್ಬಳೇ ಬಂದು ಅದನ್ನು ಕೈಚೀಲದಲ್ಲಿ ಹಾಕಿ ಚೀಲದ ಬಾಯಿ ಹೊಲಿದೆ. ಹೌದು, ಹೊಲಿದೆ, ಉಸಿರಾಡಲು ಮೂಲೆಯಲ್ಲಿ ಸಂದಿ ಬಿಟ್ಟು. ಹಡಗಲಿಯಲ್ಲಿ ಬಸ್ಸು ಬದಲಾಯಿಸಿದೆ. "ಏನೈತಿ ಬೇ ಚೀಲದಾಗ?" ಎಂದು ಕಂಡಕ್ಟರು ಕೇಳಿದರು. "ಬಟ್ಟಿ ರೀ" ಎಂದೆ. ಚೀಲ ಒಮ್ಮೆಯೂ ಅಲುಗಲಿಲ್ಲ.

ಹಿರೇಹಡಗಲಿಯಲ್ಲಿ ಕಾಳಿನ ಅಂಗಡಿಗಳ ಹಿಂದೆ ಹೊಲಿಗೆ ಬಿಚ್ಚಿದೆ. ಇಲ್ಲಿ ಇಲಿ ಬಹಳ, ಉಪವಾಸ ಬೀಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೆಕ್ಕು ಹೊರಬಂದು ಎದುರಿನ ಚೀಲಗಳ ಸಾಲಿನ ನಡುವಿನ ಸಂದಿಗೆ ಮುಖ ಒಡ್ಡಿತು. ನಿಂತಿತು. ಕೆನ್ನೆಯ ಮೇಲೆ ಕೊಯ್ದ ಜೋಳದ ಕೂಳೆಯಂಥ ಮೋಟು ಮೀಸೆಯಷ್ಟೇ ಇತ್ತು. ಹಿಂದಕ್ಕೆ ಬಂದು ನನ್ನ ಕಾಲ ಹತ್ತಿರ ಕುಳಿತುಕೊಂಡಿತು. ನಾನು ಬಸ್ಸು ಬಂತೆಂದು ಓಡಿದೆ. ಬಸ್ಸು ಬಂದಿರಲಿಲ್ಲ. ನಿಲ್ದಾಣದಲ್ಲಿ ಒಂದು ತಾಸು ಕುಳಿತೆ, ತಿರುಗಿ ಹೋಗಿ ನೋಡಲಿಲ್ಲ.

ಮಗಳು ಮನೆಗೆ ಬಂದ ದಿನ, ಬೆಕ್ಕು ತಾನಾಗಿಯೇ ಎಲ್ಲೋ ಹೋಗಿದೆ ಎಂದು ಸುಳ್ಳು ಹೇಳಿದೆ. ಅವಳು ಅಳಲಿಲ್ಲ. ನನ್ನ ಕೊರಳಲ್ಲಿದ್ದ ಟೇಪನ್ನು ನೋಡುತ್ತ ಒಂದೇ ಮಾತು ಕೇಳಿದಳು.

"ಹೋಗೂ ಮುಂದ ಮೀಸಿ ಬಂದಿದ್ದುವೇನು ಅದಕ್ಕ?"

"ಬಂದಿದ್ದುವವ್ವ" ಎಂದೆ.

ಎಂಟು ವರ್ಷವಾಯಿತು. ಅತ್ತೆ ತೀರಿಕೊಂಡರು. ಮಗಳು ಹರಪನಹಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ. ಅವಳನ್ನು ಬಿಡಲು ಹೋಗುವ ಹಿಂದಿನ ದಿನ ಟ್ರಂಕು ತೆರವು ಮಾಡುವಾಗ ಅವಳ ಹಳೆಯ ಕಂಪಾಸ್ ಪೆಟ್ಟಿಗೆ ಸಿಕ್ಕಿತು. ಒಳಗೆ ಬಿಳಿ ಮೀಸೆಗಳು, ಒಂದೊಂದು ಸಲ ಕತ್ತರಿಸಿದ್ದನ್ನು ದಾರದಿಂದ ಬೇರೆ ಬೇರೆ ಕಟ್ಟಿದ ಸಣ್ಣ ಕಟ್ಟುಗಳು. ನಾನು ಕಸದ ಜೊತೆ ಗುಡಿಸಿ ಎಸೆದದ್ದನ್ನೆಲ್ಲ ಅವಳು ಆರಿಸಿ ಇಟ್ಟಿದ್ದಳು. ಎಷ್ಟು ಕಟ್ಟು ಎಂದು ನಾನು ಎಣಿಸಲಿಲ್ಲ. ಪೆಟ್ಟಿಗೆಯನ್ನು ಅಲ್ಲೇ ಇಟ್ಟೆ.

ಅವಳು ಒಳ್ಳೆಯ ಹುಡುಗಿ, ನನ್ನ ಮೇಲೆ ಸಿಟ್ಟಿಲ್ಲ. ದಿನಾ ಸಂಜೆ ಫೋನು ಮಾಡುತ್ತಾಳೆ. ನಾನು ಮೆಷಿನ್ ನಿಲ್ಲಿಸಿ, ಫ್ಯಾನು ಆರಿಸಿ, ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತೇನೆ. ಅವಳು ಏನು ಹೇಳುತ್ತಾಳೆ ಎನ್ನುವುದಕ್ಕಿಂತ ಮಾತಿಗೂ ಮಾತಿಗೂ ನಡುವೆ ಹೇಗೆ ಉಸಿರಾಡುತ್ತಾಳೆ ಎಂದು ಕೇಳುವುದು ನನಗೆ ಚಾಳಿಯಾಗಿದೆ.

ಮೊನ್ನೆ ಕೇಳಿದೆ. "ಹೆಂಗದೀ ಅವ್ವ? ಪಂಪ್ ಎಳಕೊಳ್ಳಾಕತ್ತೀಯಿಲ್ಲ?"

"ಆರಾಮ ಅದೀನಿ."

"ಖರೇನ ಹೇಳು."

"ಖರೇನ ಹೇಳಿದ್ರ ಏನ್ ಕತ್ತರಿಸ್ತಿ ಈಗ?" ಎಂದು ನಕ್ಕಳು.

ತಮಾಷೆಗೆ ಅಂದದ್ದು. ನಾನೂ ನಕ್ಕೆ. ನಗು ಮುಗಿದ ಮೇಲೆ ಅವಳು ಉಸಿರು ಎಳೆದುಕೊಂಡಳು. ಅದರ ತುದಿಯಲ್ಲಿ ಸಣ್ಣದೊಂದು ಸಿಳ್ಳು ಇತ್ತೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ. ಇನ್ನೊಮ್ಮೆ ಕೇಳುವಷ್ಟರಲ್ಲಿ ಫೋನು ಇಟ್ಟಿದ್ದಳು.