‘ಪಿ’ಯಲ್ಲೇ ಕೂತ ಗೇರು

ಯಂತ್ರಗಳ ಬಗ್ಗೆ ಪವಾಡದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಯಂತ್ರಗಳ ದೋಷ ಹುಡುಕುವುದೇ ನನ್ನ ಹೊಟ್ಟೆಪಾಡು. ಕೆಟ್ಟದ್ದಕ್ಕೆ ಕಾರಣ ಇದ್ದೇ ಇರುತ್ತದೆ, ಸಿಗದಿದ್ದರೆ ನಾವು ಸರಿಯಾಗಿ ಹುಡುಕಿಲ್ಲ ಎಂದರ್ಥ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇಂದಿಗೂ ಇದನ್ನೇ ಹೇಳುತ್ತೇನೆ. ಆದರೆ ಹೇಳುವಾಗಲೆಲ್ಲ ಕೆಲವು ವರ್ಷಗಳ ಹಿಂದಿನ ಒಂದು ಶನಿವಾರ ನೆನಪಾಗುತ್ತದೆ. ನಗುವುದಾದರೆ ನಗಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ತಾಯಿಯನ್ನು ನಾನು ಅಮ್ಮಿ ಎನ್ನುತ್ತೇನೆ. ದಾವಣಗೆರೆಯಲ್ಲಿ ಕನ್ನಡ ಶಾಲೆಯ ಟೀಚರ್ ಆಗಿದ್ದವರು. ಮನೆಮಾತು ದಖನಿಯಾದರೂ ಸಿಟ್ಟು ಬಂದರೆ ಕನ್ನಡಕ್ಕೆ ತಿರುಗುತ್ತಾರೆ. ಮೂರು ತಿಂಗಳಿರಲೆಂದು ಡಚ್ಚರ ನಾಡಿನ ಜೂಟರ್‌ಮೀರ್ ಎಂಬ ಊರಿನ ನಮ್ಮ ಮನೆಗೆ ಬಂದಿದ್ದರು. ಅಷ್ಟರಲ್ಲಿ ದಾವಣಗೆರೆಯಲ್ಲೇ ಇದ್ದ ಅವರ ತಂಗಿಗೆ, ಅಂದರೆ ನನ್ನ ಖಾಲಾಗೆ, ಸೋಮವಾರ ಬೆಳಿಗ್ಗೆ ಹೃದಯದ ಆಪರೇಷನ್ ಎಂದು ನಿಶ್ಚಯವಾಯಿತು. "ನೀನು ಬಂದು ಕೈ ಹಿಡಿಯೋ ತನಕ ನಾನು ಒಳಗೆ ಹೋಗಲ್ಲ ಆಪಾ" ಎಂದು ಖಾಲಾ ಫೋನಿನಲ್ಲಿ ಅತ್ತಿದ್ದರು. ಶನಿವಾರ ಮಧ್ಯಾಹ್ನ ಹನ್ನೆರಡರ ವಿಮಾನ ಹಿಡಿದರೆ ಭಾನುವಾರ ಸಂಜೆಯೊಳಗೆ ಅಮ್ಮಿ ಅಲ್ಲಿರುತ್ತಿದ್ದರು. ಅದು ತಪ್ಪಿದರೆ ಮುಂದಿನ ಸೀಟು ಇದ್ದದ್ದು ಮಂಗಳವಾರ.

ಬೆಳಿಗ್ಗೆ ಎಂಟೂವರೆಗೆ ಸೂಟ್‌ಕೇಸ್ ತುಂಬಿ, ಅಮ್ಮಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕಾರು ಸ್ಟಾರ್ಟ್ ಮಾಡಿದೆ. ಬ್ರೇಕ್ ಒತ್ತಿ ಗೇರು ಎಳೆದರೆ ಪಾರ್ಕಿಂಗಿನ ‘ಪಿ’ ಬಿಟ್ಟು ಕದಲಲಿಲ್ಲ. ಇನ್ನೊಮ್ಮೆ ಎಳೆದೆ. ಗೋಡೆಗೆ ಹೂತ ಗೂಟದ ಹಾಗೆ ನಿಂತಿತ್ತು.

ಮೊದಲಿಗೆ ಗಾಬರಿಯಾಗಲಿಲ್ಲ, ನನ್ನ ಕಸುಬೇ ಇದಲ್ಲವೇ. ಆಟೋಮ್ಯಾಟಿಕ್ ಗಾಡಿಯಲ್ಲಿ ಬ್ರೇಕ್ ಒತ್ತಿದ್ದು ಗೇರಿಗೆ ಗೊತ್ತಾಗಬೇಕು, ಆಗಲೇ ಬೀಗ ಬಿಡುತ್ತದೆ. ಹೆಂಡತಿ ನಸ್ರೀನ್ ಹಿಂದೆ ನಿಂತು ನೋಡಿ, "ಬ್ರೇಕ್ ಲೈಟು ಉರೀತಿದೆ ರೀ, ಚೆನ್ನಾಗೇ ಉರೀತಿದೆ" ಎಂದಳು. ಹಾಗಾದರೆ ಬ್ರೇಕ್ ಸ್ವಿಚ್ ಸರಿಯಿದೆ. ಫ್ಯೂಸ್ ತೆಗೆದು ನೋಡಿದೆ, ಅದೂ ಸರಿ. ಸ್ಟೀರಿಂಗ್ ಅಲ್ಲಾಡಿಸಿದೆ, ಎಂಜಿನ್ ನಿಲ್ಲಿಸಿ ಮತ್ತೆ ಹಚ್ಚಿದೆ. ಮ್ಯಾನ್ಯುಯಲ್ ತೆರೆದರೆ, ಇಳಿಜಾರಿನಲ್ಲಿ ನಿಲ್ಲಿಸಿದರೆ ಹೀಗಾಗಬಹುದು ಎಂದು ಬರೆದಿತ್ತು. ಈ ಚಪ್ಪಟೆ ದೇಶದಲ್ಲಿ ಇಳಿಜಾರನ್ನು ಎಲ್ಲಿಂದ ತರಲಿ! ಆದರೂ ಹ್ಯಾಂಡ್‌ಬ್ರೇಕ್ ಬಿಟ್ಟು, ನಾನೂ ನಸ್ರೀನೂ ಕಾರನ್ನು ಹಿಂದೆ ಮುಂದೆ ಅಲುಗಾಡಿಸಿ ನೋಡಿದೆವು. ಏನೂ ಪ್ರಯೋಜನವಾಗಲಿಲ್ಲ.

ಒಂಬತ್ತು ದಾಟಿತು. ಹಳಿ ರಿಪೇರಿ ಎಂದು ಆ ವಾರಾಂತ್ಯ ರೈಲು ಇರಲಿಲ್ಲ. ಬದಲಿ ಬಸ್ಸಿನಲ್ಲಿ ಅಮ್ಮಿಯ ಮಂಡಿನೋವು, ಎರಡು ಸೂಟ್‌ಕೇಸ್ ಕಟ್ಟಿಕೊಂಡು ಹೋಗುವ ಮಾತೇ ಇಲ್ಲ. ಟ್ಯಾಕ್ಸಿಯವನು ಎರಡು ಗಂಟೆ ಕಾಯಬೇಕು ಎಂದ. ಕೆಟ್ಟ ಗಾಡಿ ನೋಡುವ ರಸ್ತೆಸೇವೆಯವರು ಎರಡೂವರೆ ಎಂದರು. ಸ್ಟೀರಿಂಗಿಗೆ ಗುದ್ದಿದೆ, ಕೈ ನೋವಾಯಿತು ಅಷ್ಟೆ. "ಸಬರ್ ಬೇಟಾ" ಎಂದು ಹಿಂದಿನಿಂದ ಅಮ್ಮಿ ತಾಳ್ಮೆ ಹೇಳಿದ್ದಕ್ಕೆ, "ಸುಮ್ನಿರಿ ಅಮ್ಮೀ, ನಿಮಗೇನು ಗೊತ್ತು!" ಎಂದು ಕಿರುಚಿಬಿಟ್ಟೆ. ಅವರು ತಸ್ಬೀಹ್‌ನ ಜಪಮಣಿ ಎಣಿಸತೊಡಗಿದರು.

ಉಳಿದಿದ್ದು ಕೊನೆಯ ಉಪಾಯ. ಗೇರಿನ ಪಕ್ಕದಲ್ಲಿ ಉಗುರಿನಷ್ಟು ಚಿಕ್ಕ ಮುಚ್ಚಳ ಇರುತ್ತದೆ. ಅದನ್ನು ಎಬ್ಬಿಸಿ ಒಳಗೆ ಕೀ ಒತ್ತಿದರೆ ಬೀಗ ತಾನಾಗಿ ಬಿಡಬೇಕು. ಮುಚ್ಚಳ ಎಬ್ಬಿಸಲು ತೆಳ್ಳಗಿನದ್ದು ಏನಾದರೂ ಬೇಕಿತ್ತು. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಕೈಯಾಡಿಸಿದಾಗ ಒಂದು ಹಸಿರು ಬಟ್ಟೆಯ ಗಂಟು ಸಿಕ್ಕಿತು. ಯೋಚಿಸದೆ ಬಿಚ್ಚಿ, ಒಳಗಿದ್ದ ಐದು ರೂಪಾಯಿಯ ನಾಣ್ಯದಿಂದ ಮುಚ್ಚಳ ಮೀಟಿದೆ. ಅದು ಎದ್ದಿತು. ಕೀ ತೂರಿಸಿ ಜೀವ ಹೋಗುವ ಹಾಗೆ ಒತ್ತಿದೆ. ಗೇರು ಜಪ್ಪಯ್ಯ ಎನ್ನಲಿಲ್ಲ.

"ಅದೇನದು ಕೈಯಾಗೆ?" ಅಮ್ಮಿ ಕೇಳಿದ್ದು ಕನ್ನಡದಲ್ಲಿ.

ಅದು ಇಮಾಮ್ ಜಾಮಿನ್. ದೂರದ ಪ್ರಯಾಣಕ್ಕೆ ಹೊರಟವರ ತೋಳಿಗೆ ನಮ್ಮಲ್ಲಿ ಬಟ್ಟೆಯಲ್ಲಿ ನಾಣ್ಯ ಸುತ್ತಿ ಕಟ್ಟುತ್ತಾರೆ. ಸುಖವಾಗಿ ತಲುಪಿದ ಮೇಲೆ ಆ ನಾಣ್ಯವನ್ನು ಬಡವರಿಗೆ ಕೊಡಬೇಕು. ಆ ಶನಿವಾರಕ್ಕೆ ಆರು ವರ್ಷ ಮೊದಲು ನಾನು ಈ ದೇಶಕ್ಕೆ ಹೊರಟಾಗ ಅಮ್ಮಿಯೇ ಕಟ್ಟಿದ್ದರು. ಇಲ್ಲಿ ಇಳಿದು ಯಾರಿಗೆಂದು ಕೊಡಲಿ? ಬಸ್ಸಿನಲ್ಲಿದ್ದ ಎಲ್ಲರ ಬೂಟೂ ನನ್ನದಕ್ಕಿಂತ ಚೆನ್ನಾಗಿತ್ತು. ನಾಳೆ ನೋಡೋಣ ಎಂದು ಇಟ್ಟುಕೊಂಡೆ. ಅಮ್ಮಿ ಫೋನಿನಲ್ಲಿ ವಿಚಾರಿಸಿದಾಗ, ಸ್ಟೇಷನ್ ಹತ್ತಿರ ಒಬ್ಬ ಮುದುಕನಿಗೆ ಕೊಟ್ಟೆ ಎಂದು ಕಥೆ ಕಟ್ಟಿದ್ದೆ. ಆಮೇಲೆ ಅದು ಕಾರಿನ ಡಬ್ಬಿ ಸೇರಿ ಮರೆತೇ ಹೋಯಿತು.

"ಮುದುಕಗೆ ಕೊಟ್ಟೆ ಅಂದಿದ್ಯಲ್ಲೋ. ಅವನಿಗೂ ಸೇರಿಸಿ ದುವಾ ಮಾಡ್ತಿದ್ದೆ ನಾನು, ಆರು ವರ್ಷ."

ಅಮ್ಮಿ ನನ್ನ ಕೈಯಿಂದ ನಾಣ್ಯ ಕಿತ್ತುಕೊಂಡು, ಮಂಡಿ ಹಿಡಿದುಕೊಂಡು ಕೆಳಗಿಳಿದರು. ನಮ್ಮ ಬೀದಿಯ ಕೊನೆಗೆ ಒಂದು ಸೂಪರ್‌ಮಾರ್ಕೆಟ್ಟಿದೆ. ಅದರ ಬಾಗಿಲಲ್ಲಿ ಮನೆಮಠವಿಲ್ಲದ ಒಬ್ಬಾತ ದಿನವೂ ಪತ್ರಿಕೆ ಮಾರುತ್ತಾನೆ. ವಿಮಾನದ ಹೊತ್ತು ಮೀರುತ್ತಿದ್ದರೂ ಅಮ್ಮಿ ಕುಂಟುತ್ತ ಅಲ್ಲಿಗೇ ನಡೆದರು. ಬೇಡ ಎಂದು ಹಿಂದೆಯೇ ಓಡಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ನಾಣ್ಯವನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಅವನು ಅರ್ಥವಾಗದಿದ್ದರೂ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ.

ವಾಪಸು ಬಂದು ಕೂತ ಅಮ್ಮಿ, "ಈಗ ತೆಗಿ" ಎಂದರು. ಸಿಟ್ಟಿನಲ್ಲೇ ಕಾರು ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಗೇರು ಎಳೆದೆ. ಬೆಣ್ಣೆಯಲ್ಲಿ ಬೆರಳಾಡಿದ ಹಾಗೆ ಸರಿಯಿತು.

ವಿಮಾನ ಸಿಕ್ಕಿತು. ಭಾನುವಾರ ರಾತ್ರಿಯಿಡೀ ಅಕ್ಕ ತಂಗಿ ಆಸ್ಪತ್ರೆಯಲ್ಲಿ ಕೈ ಹಿಡಿದುಕೊಂಡು ಮಾತಾಡಿದರಂತೆ. ಸೋಮವಾರ ಒಳಗೆ ಹೋದ ಖಾಲಾ ಎದ್ದು ಬರಲಿಲ್ಲ.

ಗ್ಯಾರೇಜಿನಲ್ಲಿ ಕಾರನ್ನು ಎರಡು ದಿನ ಬಿಚ್ಚಿ ಪರೀಕ್ಷಿಸಿದರು. ಯಾವ ದೋಷವೂ ಇಲ್ಲ ಎಂದು ಚೀಟಿ ಕೊಟ್ಟರು. ನಾನೂ ನನಗೆ ತೋಚಿದ್ದನ್ನೆಲ್ಲ ಲೆಕ್ಕ ಹಾಕಿದ್ದೇನೆ. ಒಳಗಿನ ಬೀಗಕ್ಕೆ ಏನೋ ಅಡ್ಡ ಸಿಕ್ಕಿ, ನಾನು ಕೀ ಒತ್ತಿದ ಮೇಲೆ ತಡವಾಗಿ ಬಿಟ್ಟಿರಬಹುದು. ಇರಬಹುದು. ಆದರೆ ಆ ಕೀಲಿನ ರಚನೆ ನನಗೆ ಗೊತ್ತು, ಅದು ತಡಮಾಡುವ ಜಾತಿಯದಲ್ಲ.

ಮೂರು ವಾರದ ನಂತರ ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ ಅದೇ ಪತ್ರಿಕೆಯವನು ನನ್ನನ್ನು ತಡೆದ. ಜೇಬಿನಿಂದ ಆ ನಾಣ್ಯ ತೆಗೆದು, "ಇದು ಇಲ್ಲಿ ಎಲ್ಲೂ ನಡೆಯುವುದಿಲ್ಲ ಸ್ವಾಮಿ, ನಿಮ್ಮ ತಾಯಿಗೆ ಕೊಟ್ಟುಬಿಡಿ" ಎಂದು ಡಚ್‌ನಲ್ಲಿ ಹೇಳಿ ಕೈ ಚಾಚಿದ. ಐದು ರೂಪಾಯಿ, ಇಸಿದುಕೊಂಡರೆ ಆಗುತ್ತಿತ್ತು. ನನ್ನ ಎರಡು ಕೈಗಳೂ ಜೇಬಿನಿಂದ ಹೊರಗೆ ಬರಲಿಲ್ಲ. ಅದು ನಿಮ್ಮದೇ, ದಯವಿಟ್ಟು ಇಟ್ಟುಕೊಳ್ಳಿ ಎಂದು ಬೇಡಿಕೊಂಡು, ತರಕಾರಿಯನ್ನೂ ಕೊಳ್ಳದೆ ಕಾರಿಗೆ ಓಡಿದೆ. ಬ್ರೇಕ್ ಒತ್ತಿ ಗೇರಿನ ಮೇಲೆ ಕೈಯಿಟ್ಟವನಿಗೆ ಬಹಳ ಹೊತ್ತು ಅದನ್ನು ಎಳೆಯುವ ಧೈರ್ಯ ಬರಲಿಲ್ಲ.