ಓರ್ಫಾ ಓದಿದ ತುಟಿ

ನನ್ನ ತಂಗಿ ಓರ್ಫಾಗೆ ಹುಟ್ಟಿನಿಂದ ಕಿವಿ ಕೇಳದು. ಅಮೆರಿಕದ ಅಕ್ರಾನ್ ಊರಿನಲ್ಲಿ ಅವಳು ಯಾರಿಗೂ ಕಡಿಮೆಯಿಲ್ಲದಂತೆ ಕೂರುತ್ತಿದ್ದ ಜಾಗ ಒಂದೇ, ನಾನು ಪಿಯಾನೊ ಬಾರಿಸುತ್ತಿದ್ದ ಮೂಕಿಚಿತ್ರ ಮಂದಿರ. ಹಗಲೆಲ್ಲ ಟೈರ್ ಕಾರ್ಖಾನೆಯಲ್ಲಿ ದುಡಿದು ಸಂಜೆ ಮುಂದಿನ ಸಾಲಿಗೆ ಹಾಜರು. ತುಟಿ ಓದುವುದರಲ್ಲಿ ಎತ್ತಿದ ಕೈ. ಪರದೆಯ ಮೇಲೆ ನಾಯಕ ಮಂಡಿಯೂರಿ ಪ್ರೇಮ ಬೇಡುವಾಗ ನಿಜಕ್ಕೂ ಬೂಟು ಕಚ್ಚುತ್ತಿದೆ ಎಂದು ಬೈದುಕೊಳ್ಳುತ್ತಿದ್ದರೆ, ಅದಕ್ಕೆ ನಗುವವಳು ಇವಳೊಬ್ಬಳೇ.

ಆ ವಾರ ‘ಏಣಿ ಮೇಲಿನ ಮದುಮಗಳು’ ಬಂತು. ನಾಯಕಿ ಡಲ್ಸಿ ಮಾರ್ ಮದುವೆ ಬಟ್ಟೆಯಲ್ಲೇ ಏಣಿಯಿಂದ ಧೊಪ್ಪನೆ ಎಡಗೈ ಮೇಲೆ ಬಿದ್ದು ಬಾಯಿ ಬಡಿದುಕೊಳ್ಳುತ್ತಾಳೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಓರ್ಫಾ ಮಾತ್ರ ಎದ್ದು ನಿಂತು ಕಿರುಚಿದಳು.

ನನ್ನತ್ತ ತಿರುಗಿ ಕೈಸನ್ನೆಯಲ್ಲೇ ಹೇಳಿದಳು: “ಅಕ್ಕಾ, ಅವಳು ನಟಿಸ್ತಿಲ್ಲ! ‘ಕೈ ಮುರೀತು, ನಿಲ್ಸ್ರೋ’ ಅಂತ ಗೋಗರೀತಿದಾಳೆ!”

ಮಂದಿರದ ಮಾಲೀಕ ಡಾಕರ್ಟಿಗೆ ತಿಳಿಸಿದೆ. “ನಿನ್ ತಂಗಿಗೆ ತಲೆ ಕೆಟ್ಟಿದೆ ಕಣಮ್ಮ. ಇನ್ನೊಂದ್ಸಲ ಗಲಾಟೆ ಮಾಡಿದ್ರೆ ಈ ಕಡೆ ತಲೆ ಹಾಕೋದ್ ಬೇಡ ಅನ್ನು” ಎಂದ ಆ ಬೊಜ್ಜಿನ ಮಹಾಶಯ.

ನಟಿಯರು ಊರೂರು ಸುತ್ತಿ ಮುಖ ತೋರಿಸುವುದು ಆಗಿನ ರೂಢಿ. ಶನಿವಾರ ಡಲ್ಸಿ ಮಾರ್ ನಮ್ಮಲ್ಲಿಗೂ ಬಂದಳು. ಮೊದಲ ಆಟ ಮುಗಿದು ಅವಳು ವೇದಿಕೆ ಹತ್ತುತ್ತಲೇ ಡಾಕರ್ಟಿ ಹಲ್ಲು ಕಿರಿದ.

“ಆ ಬೀಳೋದನ್ನ ಇಲ್ಲೂ ಒಂದ್ಸಲ ತೋರಿಸಿ ಮೇಡಂ!”

ಚಪ್ಪಾಳೆಯೋ ಚಪ್ಪಾಳೆ. ಡಲ್ಸಿ ಸುಮ್ಮನೆ ನಗುತ್ತ ನಿಂತಳು. ಅಷ್ಟರಲ್ಲಿ ಓರ್ಫಾ ವೇದಿಕೆ ಏರಿಬಿಟ್ಟಳು. ಹೋಯಿತಲ್ಲ ಇವಳ ಜಾಗ, ಎಂದುಕೊಂಡೆ. ಅವಳು ಕೂಗಲಿಲ್ಲ. ಡಲ್ಸಿಯ ಎಡ ಮೊಣಕೈಯನ್ನು ಮೆಲ್ಲಗೆ ಹಿಡಿದು, ನೋಯುತ್ತಾ ಎಂಬಂತೆ ಮುಖ ನೋಡಿದಳು.

ಡಲ್ಸಿಯ ನಗು ಇಳಿಯಿತು. ಉಡುಪಿನ ತೋಳನ್ನು ಮೇಲೆ ಸರಿಸಿದಳು. ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು.

“ಅವತ್ತು ಒಬ್ರೂ ಓಡಿ ಬರ್ಲಿಲ್ಲ ಕಣೇ. ಕ್ಯಾಮೆರಾ ತಿರುಗಿಸ್ತಿದ್ದೋನೂ ನಗ್ತಿದ್ದ. ನಿಂಗೆ ಹೇಗೆ ಗೊತ್ತಾಯ್ತು?”

ಓರ್ಫಾ ತನ್ನ ತುಟಿ ಮುಟ್ಟಿಕೊಂಡು ಪರದೆಯತ್ತ ಬೆರಳು ತೋರಿಸಿದಳು.

ಮುಂದಿನ ಆಟಕ್ಕೆ ಡಲ್ಸಿ ಓರ್ಫಾಳ ಪಕ್ಕದಲ್ಲೇ ಕೂತಳು. ಏಣಿ ಬಂದಾಗ ನಾನು ಪಿಯಾನೊ ನಿಲ್ಲಿಸಿದೆ. ಹಿಂದಿನ ಸಾಲುಗಳು ಎಂದಿನಂತೆ ನಕ್ಕವು. ಡಲ್ಸಿ ಪರದೆ ನೋಡಲಿಲ್ಲ. ತಾನು ಕೂಗುತ್ತಿದ್ದುದನ್ನು ಓದುತ್ತಿದ್ದ ನನ್ನ ತಂಗಿಯ ಮುಖವನ್ನೇ ನೋಡುತ್ತ ಕೂತಿದ್ದಳು.