ಒಬ್ಬನಿಗೆ ಸಾಕಾಗುವ ಫಿಲ್ಟರ್

ಇಬ್ಬರು ಬೆಟ್ಟ ಹತ್ತುವಾಗ ನೀರು ಒಂದು ಸಮಸ್ಯೆಯೇ ಅಲ್ಲ. ಒಬ್ಬ ಹೊರುತ್ತಾನೆ, ಇನ್ನೊಬ್ಬ ಗೊಣಗುತ್ತಾನೆ. ಹೊರುತ್ತಿದ್ದವನು ನನ್ನ ಗೆಳೆಯ, ಚನ್ನಪಟ್ಟಣದಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಪಕ್ಕದ ಟೈಲರ್. ಗೊಣಗುತ್ತಿದ್ದವನು ನಾನು. ಹದಿನೈದು ವರ್ಷ, ಭಾನುವಾರ ಬಂತೆಂದರೆ ರಾಮನಗರ, ಮಾಗಡಿ, ಕನಕಪುರ ಅಂತ ಸುತ್ತಮುತ್ತಲ ಬೆಟ್ಟಗಳನ್ನೆಲ್ಲ ಹತ್ತಿ ಇಳಿದೆವು. ಹೋದ ವರ್ಷ ಅವನು ಹೊಲಿಗೆ ಮೆಷಿನ್ನಿನ ಮುಂದೆ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ.

ನಾಲ್ಕು ತಿಂಗಳು ನಾನು ಎಲ್ಲಿಗೂ ಹೋಗಲಿಲ್ಲ. ಆಮೇಲೆ ಹೋದೆ. ಮನೆಯಲ್ಲಿ ಕೂತು ಏನು ಮಾಡುವುದು? ನಾನು ಮದುವೆಯಾದವನಲ್ಲ, ಭಾನುವಾರ ಅಂಗಡಿಗೂ ರಜೆ. ಮೂರು ಲೀಟರ್ ನೀರು ಹೊತ್ತು ಹೊರಟೆ, ಅರ್ಧ ಬೆಟ್ಟಕ್ಕೇ ಮಂಡಿ ಕೈಕೊಟ್ಟಿತು. ಭಾರ ಬೇಡವೆಂದು ಮುಂದಿನ ವಾರದಿಂದ ಒಂದೇ ಬಾಟಲಿ ಒಯ್ಯತೊಡಗಿದೆ. ಒಂದು ಭಾನುವಾರ ಅದು ಮುಗಿದ ಮೇಲೆ ಬಂಡೆಯ ದೊಣೆಯಲ್ಲಿ ನಿಂತಿದ್ದ ಮಳೆನೀರು ಕುಡಿದೆ. ಟೈಫಾಯ್ಡ್ ಬಂತು. "ಬೆಟ್ಟ ಬಿಡಿ, ಇಲ್ಲಾಂದ್ರೆ ಫಿಲ್ಟರ್ ತಗೊಳ್ಳಿ" ಎಂದರು ಡಾಕ್ಟರ್. ಬೆಟ್ಟ ಬಿಟ್ಟರೆ ನನಗೆ ಉಳಿಯುವುದು ಫ್ಯಾನ್ ನೋಡುತ್ತಾ ಮಲಗುವ ಭಾನುವಾರ. ಫಿಲ್ಟರ್ ತಗೊಳ್ಳುವುದೆಂದು ಗಟ್ಟಿ ಮಾಡಿದೆ.

ಆರಿಸುವುದೇನು ಸುಲಭವೇ? ಫೋನಿನಲ್ಲಿ ನೋಡಿದಷ್ಟೂ ತಲೆ ಕೆಟ್ಟಿತು. ಒಂದು ದಪ್ಪ ಸ್ಟ್ರಾ ಥರದ್ದು, ನೀರಿಗೆ ಅದ್ದಿ ನೇರ ಹೀರುವುದು. ಎಲ್ಲಕ್ಕಿಂತ ಹಗುರ, ಆದರೆ ಕುಡಿಯಬೇಕಾದರೆ ಹೊಂಡದ ಅಂಚಿನಲ್ಲಿ ಬೋರಲು ಮಲಗಬೇಕು, ಮುಂದಕ್ಕೆ ಒಯ್ಯಲು ಹನಿಯೂ ಉಳಿಯುವುದಿಲ್ಲ. ಪಂಪ್ ಇರುವುದು ಕೆಸರು ನೀರಿಗೂ ಆಗುತ್ತದಂತೆ, ಆದರೆ ಭಾರ. ಅದರ ಚಿತ್ರದಲ್ಲಿ ಒಬ್ಬಳು ಪಂಪ್ ಒತ್ತುತ್ತಿದ್ದರೆ ಇನ್ನೊಬ್ಬ ಬಾಟಲಿ ಹಿಡಿದು ನಗುತ್ತಿದ್ದ. ನೋಡಿ ಸಿಟ್ಟು ಬಂತು. ಮಾತ್ರೆ ಹಾಕಿದರೆ ಅರ್ಧ ಗಂಟೆ ಕಾಯಬೇಕು. ಜೊತೆಯಲ್ಲಿ ಮಾತಾಡುವವರಿಲ್ಲದಿದ್ದರೆ ಅರ್ಧ ಗಂಟೆ ಎಷ್ಟು ಉದ್ದವೆಂದು ಆ ಮಾತ್ರೆ ಮಾಡಿದವರಿಗೆ ಗೊತ್ತಿದ್ದಂತಿಲ್ಲ. ಕೊನೆಗೆ ಉಳಿದದ್ದು ಹಿಂಡುವ ಚೀಲದ್ದು. ಮೆತ್ತನೆಯ ಚೀಲಕ್ಕೆ ನೀರು ತುಂಬಿ, ಅದರ ಬಾಯಿಗೆ ಬೆರಳುದ್ದದ ಫಿಲ್ಟರ್ ತಿರುಗಿಸಿ ಹಿಂಡಿದರೆ ಇನ್ನೊಂದು ತುದಿಯಿಂದ ಕುಡಿಯುವ ನೀರು ಬರುತ್ತದೆ. ಒಬ್ಬನಿಗೆ ಸಾಕು. ಬಂದ ದಿನವೇ ಎದುರಿನ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿ ನೋಡಿದೆ. ಎರಡು ಬಾಳೆಹಣ್ಣಿನಷ್ಟೂ ತೂಗಲಿಲ್ಲ.

ಗೆಳೆಯ ಇದ್ದಿದ್ದರೆ "ಏನ್ಲಾ, ಬೆಟ್ಟ ಹತ್ತಕ್ ಬಂದಿದ್ದೀಯೋ, ಆಸ್ಪತ್ರೆ ಹೊತ್ಕೊಂಡ್ ಬಂದಿದ್ದೀಯೋ?" ಅಂತ ಗೇಲಿ ಮಾಡುತ್ತಿದ್ದ. ಗೇಲಿ ಮಾಡಿಸಿಕೊಳ್ಳಲಿಕ್ಕಾದರೂ ಯಾರಿಗಾದರೂ ತೋರಿಸಬೇಕೆನಿಸಿತು. ಹೊಳೆದದ್ದು ಒಂದೇ ಮನೆ. ಕನಕಪುರದ ಕಡೆಯ ಒಂದು ಬೆಟ್ಟದ ಬುಡದಲ್ಲಿ, ಊರಾಚೆಯ ಕಾಲೋನಿಯ ಕೊನೆಯ ಮನೆ. ನಾವು ಇಳಿದು ಬರುವುದನ್ನು ಕಂಡರೆ ಅಲ್ಲಿನ ಮುದುಕಿ ಚೊಂಬಿನಲ್ಲಿ ನೀರು, ಒಂದು ಚೂರು ಬೆಲ್ಲ ತಂದು ಕೊಡುತ್ತಿದ್ದರು. ಮೊದಲ ಸಲ ನನ್ನ ಹಣೆಯ ವಿಭೂತಿ ನೋಡಿ ಕೊಡಲು ಅನುಮಾನಿಸಿದ್ದರು. ನಾನೇ ಕೈ ಚಾಚಿ ಚೊಂಬು ತೆಗೆದುಕೊಂಡು ಗಟಗಟ ಕುಡಿದಿದ್ದೆ. ಅಂದಿನಿಂದ ನಾನು ಅವರಿಗೆ ಮಗ. ಗೆಳೆಯ ಸತ್ತ ಸುದ್ದಿ ಹೇಳಿದಾಗ ಜಗಲಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, "ಒಬ್ನೇ ಆದ್ರೂ ಬತ್ತಾ ಇರು ಮಗಾ" ಅಂದಿದ್ದರು. ಎಷ್ಟೋ ಭಾನುವಾರ ನಾನು ಬಾಯಿ ಬಿಡುತ್ತಿದ್ದುದು ಅಲ್ಲಿ ಮಾತ್ರ.

ಆ ಭಾನುವಾರವೂ ಅವರು ಚೊಂಬು ತಂದರು. ನಾನು ಹುರುಪಿನಲ್ಲಿ ಚೀಲ ಹೊರತೆಗೆದು, ಅವರು ಕೊಟ್ಟ ನೀರನ್ನೇ ಅದಕ್ಕೆ ಸುರಿದೆ. "ನೋಡವ್ವಾ, ಎಂಥಾ ಕೊಳಕು ನೀರಾದ್ರೂ ಇದ್ರಲ್ಲಿ ಶುದ್ಧ ಆಗೋಯ್ತದೆ" ಅಂದು, ಹಿಂಡಿ, ಅವರ ಮುಂದೆಯೇ ಕುಡಿದು ತೋರಿಸಿದೆ. ಹೊಸ ಆಟದ ಸಾಮಾನು ಸಿಕ್ಕ ಮಗುವಿನಂತೆ ಅದರ ತೂಕ, ತೊಳೆಯುವ ಬಗೆ ಎಲ್ಲವನ್ನೂ ಹೇಳುತ್ತಲೇ ಇದ್ದೆ. ಅವರು ನನ್ನ ಹಣೆಯನ್ನೊಮ್ಮೆ ನೋಡಿ, ಚೊಂಬು ತೆಗೆದುಕೊಂಡು ಒಳಗೆ ಹೋದರು.

ಬಸ್ಸು ಸಾತನೂರು ದಾಟಿದ ಮೇಲೆ ನನಗೆ ಹೊಳೆಯಿತು. ಕಾಲೋನಿಯವರು ಮುಟ್ಟಿದ ಪಾತ್ರೆಗೆ ನಮ್ಮಜ್ಜಿ ನೀರು ಚಿಮುಕಿಸಿ ಒಳಗಿಟ್ಟುಕೊಳ್ಳುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆ ಮುದುಕಿ ಅದನ್ನು ಎಷ್ಟು ಬಾಗಿಲುಗಳಲ್ಲಿ ಕಂಡಿದ್ದಾರೋ. ಅದೇ ಕೆಲಸವನ್ನು ನಾನು ಆನ್‌ಲೈನಿನಲ್ಲಿ ತರಿಸಿಕೊಂಡು, ಅವರ ಜಗಲಿಯ ಮೇಲೆಯೇ ಕೂತು ಮಾಡಿ ಬಂದಿದ್ದೆ. ಇಳಿದು ವಾಪಸ್ ಹೋಗಬೇಕಿತ್ತು. ಹೋಗಿ ಏನು ಹೇಳುವುದೆಂದು ತಿಳಿಯದೆ ಕೂತೇ ಇದ್ದೆ.

ಮುಂದಿನ ಭಾನುವಾರ ಫಿಲ್ಟರನ್ನು ಮನೆಯಲ್ಲೇ ಬಿಟ್ಟು ನೇರ ಅವರ ಬಾಗಿಲಿಗೆ ಹೋದೆ. "ಅವ್ವಾ, ಒಸಿ ನೀರು ಕೊಡವ್ವಾ" ಅಂದೆ. ಜಗಲಿಯ ಮೇಲೆ ಕೂತಿದ್ದವರು ಎದ್ದು ನಿಂತರು. ಚೊಂಬು ತರಲು ಎದ್ದಿದ್ದುಂಟು, ಅಷ್ಟು ವರ್ಷಗಳಲ್ಲಿ ನನ್ನನ್ನು ಕಂಡು ಮರ್ಯಾದೆಗೆಂದು ಎಂದೂ ಎದ್ದವರಲ್ಲ.

"ನಲ್ಲಿ ಅಲ್ಲೈತೆ ಬುದ್ಧೀ" ಎಂದು, ಧಣಿಗಳನ್ನು ಕರೆಯುವಂತೆ ಕರೆದು, ಬೀದಿಯ ಕೊನೆ ತೋರಿಸಿದರು. "ಪಂಚಾಯ್ತಿದು. ಈಗ್ತಾನೆ ನೀರು ಬುಟ್ಟವ್ರೆ, ಇನ್ನೂ ಯಾರೂ ಹಿಡ್ದಿಲ್ಲ."

"ನಿನ್ ಚೊಂಬಲ್ಲೇ ಕೊಡವ್ವಾ. ಅವತ್ತು ನಾನು ಟೈಫಾಯ್ಡ್ ಅಂತ, ಡಾಕ್ಟ್ರು ಹೇಳಿದ್ರು ಅಂತ..." ಎಂದು ಶುರು ಮಾಡಿದೆ.

"ಅಯ್ಯೋ, ಅದ್ಕೇನ್ ಬುಡಿ ಬುದ್ಧೀ" ಅಂದರು ಮೆಲ್ಲಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲು ಹಿಡಿದಾದರೂ ಸಮಾಧಾನ ಮಾಡಬಹುದಿತ್ತು.

ನಾನು ನಲ್ಲಿಯ ಹತ್ತಿರ ಹೋಗಿ ಬೊಗಸೆಯೊಡ್ಡಿ ಕುಡಿದೆ. ತಿರುಗಿ ನೋಡಿದರೆ ಅವರು ಇನ್ನೂ ನಿಂತೇ ಇದ್ದರು. ನಾನು ಕಣ್ಣಿಗೆ ಬೀಳುವಷ್ಟು ಹೊತ್ತೂ ಅವರು ಕೂರುವುದಿಲ್ಲವೆಂದು ಗೊತ್ತಾಯಿತು. ಅವರು ಕೂರಲೆಂದೇ ಬೇಗ ಬೇಗ ಹೆಜ್ಜೆ ಹಾಕಿದೆ.